ಸೆಣಬಿನ ಸೊಪ್ಪೂ ಅತ್ತೆಯ ಕಣ್ಣೂ

ಅತ್ತೆಯ ಕಣ್ಣಿನ ಜೊತೆ ವಾದ ಮಾಡಿ ಗೆದ್ದವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಮೂವತ್ತೊಂದು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಚೆಕಿಂಗ್ ಸೂಪರ್‌ವೈಸರ್ ಆಗಿದ್ದವರು ಅವರು. ಸಾಲಾಗಿ ಬರುವ ಅಂಗಿಗಳಲ್ಲಿ ಒಂದೇ ಒಂದು ಹೊಲಿಗೆ ತಪ್ಪಿದ್ದರೂ ಮೇಜಿನ ಆ ತುದಿಯಿಂದಲೇ "ಏಯ್, ಆ ನೀಲಿ ತೆಗಿ!" ಎಂದು ಕೂಗುತ್ತಿದ್ದರಂತೆ. ನಿವೃತ್ತಿಯ ದಿನ ಕಾರ್ಖಾನೆಯವರು ಪ್ರೀತಿಯಿಂದ ಒಂದು ಗೋಡೆ ಗಡಿಯಾರ ಕೊಟ್ಟರು. ಅದರ ಸೆಕೆಂಡಿನ ಮುಳ್ಳು ಸೊಟ್ಟಗಿದೆ ಎಂದು ವೇದಿಕೆಯ ಮೇಲೆಯೇ ತೋರಿಸಿ, ಬೇರೆಯದು ತರಿಸಿಕೊಂಡೇ ಇಳಿದರು.

ಅಂಥ ಕಣ್ಣು ಈಗ ಎರಡು ವರ್ಷದಿಂದ ಮಂಜಾಗಿತ್ತು. ಪಡಸಾಲೆಯಲ್ಲಿ ನೇತುಹಾಕಿದ್ದ ರೈನ್‌ಕೋಟನ್ನು "ಯಾರದು? ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ" ಎಂದು ಉಪಚರಿಸಿ, ಅದು ಉತ್ತರ ಕೊಡದಿದ್ದಾಗ "ಏನು ಕೊಬ್ಬು ಈಗಿನ ಕಾಲದವರಿಗೆ" ಎಂದು ಗೊಣಗಿದ್ದರು. ಪತ್ರಿಕೆಯವರು ಕಾಸು ಉಳಿಸೋಕೆ ಶಾಯಿ ತೆಳು ಮಾಡಿದ್ದಾರೆ ಎಂಬುದು ಅವರ ಸಿದ್ಧಾಂತ. ಕರೆಂಟಿನವರು ಬೆಳಕು ಕಡಿಮೆ ಮಾಡಿದ್ದಾರೆ ಎಂಬುದು ಇನ್ನೊಂದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಮನೆಯ ಎಲ್ಲರ ನಾಲಿಗೆ ತುದಿಗೂ ಬರುತ್ತಿತ್ತು, ಅಲ್ಲಿಂದ ಹಾಗೆಯೇ ಹಿಂದಕ್ಕೆ ಹೋಗುತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಹೇಳಿ?

ಅಳಿಯನಂತೂ ಖಂಡಿತ ಅಲ್ಲ. ಅವನು ಮದುವೆಯಾಗಿ ಅತ್ತೆ ಮನೆಗೇ ಬಂದು ಸೇರಿ ಹನ್ನೊಂದು ವರ್ಷವಾಗಿತ್ತು. ಮೊದಮೊದಲು ಅತ್ತೆ ಅವನಿಗೆ ಮರ್ಯಾದೆಯಿಂದ 'ನೀವು' ಎನ್ನುತ್ತಿದ್ದರು. ದಿನಾ ಒಂದೇ ಬಚ್ಚಲಿಗೆ ಸರದಿ ನಿಂತು ನಿಂತು ಅದು ಸವೆದು 'ನೀನು' ಆಯಿತು. ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವನ ಕೆಲಸ. ಅಲ್ಲಿ ತೂಕ ಮಾಡಿ ಮಾಡಿ ಮನೆಯಲ್ಲೂ ಚಹಾಪುಡಿಯನ್ನು ಚಮಚದ ನೆತ್ತಿ ಸವರಿ ಹಾಕುತ್ತಿದ್ದ. ಹಾಗಾಗಿ ಅತ್ತೆ ಅವನಿಗೆ 'ಮಿಲಿಗ್ರಾಂ' ಎಂದು ಹೆಸರಿಟ್ಟಿದ್ದರು. ಬೀದಿಯವರಿಗೂ ಅದೇ ಬಾಯಿಗೆ ಬಂದಿತ್ತು. ಮಾತನ್ನೂ ಅವನು ತೂಗಿಯೇ ಆಡುವವನು. 'ಅನ್ನಿಸುತ್ತೆ', 'ಇರಬಹುದು', 'ಇದ್ದರೂ ಇರಬಹುದು' ಇವಿಲ್ಲದೆ ಅವನ ವಾಕ್ಯ ಮುಗಿಯುತ್ತಿರಲಿಲ್ಲ.

ಕೈಕಟ್ಟಿ ಕೂರುವ ಜಾಯಮಾನ ಅತ್ತೆಯದಲ್ಲ. ನಿವೃತ್ತಿಯಾದ ಮರುವರ್ಷವೇ ಕಾರ್ಖಾನೆಯ ಐದು ಜನ ಹಳೇ ಜೊತೆಗಾರ್ತಿಯರನ್ನು ಸೇರಿಸಿಕೊಂಡು, ಹಿಂದಿನ ಬೀದಿಯ ಖಾಲಿ ಗೋದಾಮಿನಲ್ಲಿ ಸೊಪ್ಪು ಒಣಗಿಸುವ ಘಟಕ ಶುರು ಮಾಡಿದ್ದರು. ನಾಲ್ಕಾರು ಬಗೆಯ ಸೊಪ್ಪಿನಲ್ಲಿ ಕೈ ಹಿಡಿದದ್ದು ಸೆಣಬಿನ ಸೊಪ್ಪು. ಗೋಣಿಚೀಲದ ನಾರು ಕೊಡುವ ಸೆಣಬಿನದೇ ಎಲೆ. ಎಳೆಯದಾಗಿ ಕಿತ್ತು ಬೇಯಿಸಿದರೆ ಲೋಳೆಲೋಳೆಯಾಗಿ ಗಂಟಲಲ್ಲಿ ತಾನೇ ಜಾರಿ ಹೋಗುತ್ತದೆ. "ಗೋಣಿಚೀಲ ತಿನ್ನಿಸ್ತೀರಾ?" ಎಂದು ನಕ್ಕ ಅಂಗಡಿಯವರೇ ಆಮೇಲೆ ಫೋನ್ ಮಾಡಿ ಮಾಡಿ ತರಿಸಿಕೊಂಡರು.

ಘಟಕದಲ್ಲಿ ಒಂದು ಕಟ್ಟಳೆ ಇತ್ತು. ಐವರು ಹೆಂಗಸರು ತೊಳೆದು, ಒಣಗಿಸಿ, ಆರಿಸಿದ ಸೊಪ್ಪು ಕೊನೆಯದಾಗಿ ಅತ್ತೆಯ ಮೇಜಿಗೆ ಬರಬೇಕು. ಕೊನೇ ಚೆಕಿಂಗ್ ಅವರದೇ. ಕಾರ್ಖಾನೆಯಲ್ಲಿ ನಡೆದಂತೆಯೇ ಇಲ್ಲೂ ನಡೆಯಬೇಕು, ಅಷ್ಟೇ.

ಈಗ ಊರೂರಲ್ಲಿ ಅಂಗಡಿ ಇಟ್ಟಿದ್ದ ಒಂದು ದೊಡ್ಡ ಕಂಪನಿಯವರು ಒಂದು ಲಾರಿ ತುಂಬ ಸೊಪ್ಪು ಕೇಳಿದ್ದರು. ಮುಂದಿನ ವಾರದ ಸೋಮವಾರ ಲಾರಿ ಬರಬೇಕು, ಅಷ್ಟರೊಳಗೆ ಲ್ಯಾಬಿನ ಸರ್ಟಿಫಿಕೇಟ್ ಕೈಯಲ್ಲಿರಬೇಕು. ಊರಿಗೆಲ್ಲ ಇದ್ದದ್ದು ಮಿಲಿಗ್ರಾಂನ ಲ್ಯಾಬ್ ಒಂದೇ. "ಅಳಿಯ ಪಾಸು ಮಾಡಿದ ಅನ್ನೋ ಮಾತು ನನಗೆ ಬೇಡ" ಎಂದರು ಅತ್ತೆ. "ಯಾವತ್ತು ಕಳಿಸ್ತೀನಿ ಅಂತ ನಾನು ಹೇಳಲ್ಲ. ನೀನೂ ಕೇಳಬೇಡ."

"ಅಲ್ಲಿ ಹೇಗೂ ಹೆಸರು ತೆಗೆದು ನಂಬರು ಹಾಕ್ತಾರೆ ಅತ್ತೆ. ಈ ಸಮಯದಲ್ಲಿ ಇನ್ನೂ ಮೂರು ಕಡೆಯಿಂದ ಇದೇ ಸೊಪ್ಪು ಬರುತ್ತೆ ಅನ್ನಿಸುತ್ತೆ. ನನಗೆ ಗೊತ್ತಾಗಲಾರದು, ಇರಬಹುದು" ಎಂದ ಅವನು.

"ಇರಬಹುದೋ ಇರಬಾರದೋ ಒಂದು ಹೇಳು ಮಾರಾಯ" ಎಂದು ಅತ್ತೆ ಎದ್ದು ಹೋದರು.

ನಾನೂರ ಹದಿನೇಳನೇ ನಂಬರಿನ ಪೊಟ್ಟಣ ಮಿಲಿಗ್ರಾಂನ ಮೇಜಿಗೆ ಬಂದದ್ದು ಲಾರಿಗೆ ಸರಿಯಾಗಿ ಒಂದು ವಾರ ಇರುವಾಗ, ಸೋಮವಾರ. ಲ್ಯಾಬು ಎರಡನೇ ಮಹಡಿಯಲ್ಲಿತ್ತು. ಉದ್ದನೆಯ ಕೋಣೆ, ಬಿಳಿ ಹಂಚಿನ ಮೇಜುಗಳು, ಯಾವಾಗಲೂ ಗುಂಯ್‌ಗುಡುವ ಒಂದು ಫ್ರಿಡ್ಜು. ನಿಯಮದಂತೆ ಪೊಟ್ಟಣವನ್ನು ಎರಡು ಪಾಲು ಮಾಡಿದ. ಒಂದು ಪಾಲನ್ನು ಮರುಪರೀಕ್ಷೆಗೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ, ಇನ್ನೊಂದರಲ್ಲಿ ಒಂದು ಹಿಡಿ ಉಳಿಸಿ ಮಿಕ್ಕದ್ದನ್ನು ಪುಡಿ ಮಾಡಿದ. ಸೆಣಬಿನ ಸೊಪ್ಪೆಂದರೆ ಲ್ಯಾಬಿನ ಉಳಿದವರಿಗೆ ಮೈ ಉರಿ. ನೀರು ಸೋಕಿದರೆ ಸಾಕು, ಲೋಳೆ ಬಿಟ್ಟುಕೊಂಡು ಸೋಸುವ ಕಾಗದದ ಮೇಲೆ ಕೂತುಬಿಡುತ್ತದೆ. ಗಂಟೆಗೆ ನಾಲ್ಕು ಹನಿ ಇಳಿದರೆ ಪುಣ್ಯ. ಮಿಲಿಗ್ರಾಂಗೆ ಮಾತ್ರ ಅದರ ಮೇಲೆ ಮಮಕಾರ. ಆಲ್ಕೋಹಾಲಿನಲ್ಲಿ ನೆನೆಸಿ, ಲೋಳೆಯನ್ನು ಹಿಂದೆ ಬಿಟ್ಟು, ಎಲೆಯ ಸತ್ವವನ್ನಷ್ಟೇ ಪುಸಲಾಯಿಸಿ ಹೊರಗೆ ಕರೆಯುವ ವಿದ್ಯೆ ಅವನಿಗೆ ಸಿದ್ಧಿಸಿತ್ತು.

ಯಂತ್ರ ಗೀಚಿದ ಗೆರೆ ನೋಡಿ ಅವನು ಕುರ್ಚಿಯಿಂದ ಎದ್ದುಬಿಟ್ಟ. ಕ್ಲೋರೊಜೆನಿಕ್ ಆಮ್ಲದ ಶಿಖರ ಕಾಗದದ ನೆತ್ತಿ ಮುಟ್ಟಿತ್ತು. ಕ್ವೆರ್ಸೆಟಿನ್ ಜಾತಿಯವು ಅದರ ಹಿಂದೆ ಸಾಲಾಗಿ ನಿಂತಿದ್ದವು. ದೇಹದೊಳಗಿನ ತುಕ್ಕನ್ನು ತಡೆಯುವಂಥ ವಸ್ತುಗಳು ಇವು, ಬಿಸಿಲಿಗಿಟ್ಟು ಒಣಗಿಸಿದರೆ ಅರ್ಧಕ್ಕರ್ಧ ಹಾಳು. ಇದನ್ನು ಒಣಗಿಸಿದವರು ಯಾರೋ ನೆರಳಲ್ಲಿ, ತಾಳ್ಮೆಯಿಂದ, ಮಗುವಿನ ಬಟ್ಟೆಯ ಹಾಗೆ ಮಗುಚಿ ಹಾಕಿ ಒಣಗಿಸಿದ್ದಾರೆ. ಲ್ಯಾಬು ಸೇರಿದ ಏಳು ವರ್ಷದಲ್ಲಿ ಇಂಥ ಸೊಪ್ಪು ನೋಡಿರಲಿಲ್ಲ ಎಂದು ಪಕ್ಕದ ಮೇಜಿನವಳನ್ನು ಕರೆದು ತೋರಿಸಿದ. ಅವಳು ಆಕಳಿಸುತ್ತಲೇ ಸಂತೋಷಪಟ್ಟಳು.

ಆಮೇಲೆ ಬಂತು ಎರಡನೇ ಪರೀಕ್ಷೆ. ಈ ಗಿಡದ ಎಲೆ ಎಷ್ಟು ಸಾಧುವೋ ಬೀಜ ಅಷ್ಟೇ ಕಿಲಾಡಿ. ಬೀಜದೊಳಗೆ ಹೃದಯದ ಬಡಿತವನ್ನೇ ಹಿಡಿದು ಅಲುಗಿಸುವ ಕಹಿ ವಸ್ತುಗಳಿವೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಒಬ್ಬ ವೈದ್ಯ, ಒಬ್ಬ ಪುಂಡ. ಹಾಗಾಗಿ ಸೊಪ್ಪಿನಲ್ಲಿ ಬೀಜಕಾಯಿ ಬೆರೆಯಕೂಡದು ಎಂಬುದು ಕೊಳ್ಳುವವರ ಕಟ್ಟುನಿಟ್ಟಿನ ಷರತ್ತು. ಸತ್ವದ ಒಂದು ಹನಿಯನ್ನು ಗಾಜಿನ ತಟ್ಟೆಯ ಮೇಲೆ ಓಡಿಸಿ ಮೇಲಿಂದ ಔಷಧ ಸಿಂಪಡಿಸಿದರೆ, ಪುಂಡನಿದ್ದಲ್ಲಿ ನೇರಳೆ ಚುಕ್ಕೆ ಏಳುತ್ತದೆ. ಚುಕ್ಕೆ ಎದ್ದಿತು.

ಅವನ ಮುಖ ಸಣ್ಣಗಾಯಿತು. ಪುಡಿ ಮಾಡದೆ ಉಳಿದಿದ್ದ ಹಿಡಿ ಸೊಪ್ಪನ್ನು ಬಿಳಿ ತಟ್ಟೆಯಲ್ಲಿ ಹರಡಿದ. ಅಲ್ಲಲ್ಲಿ ಒಣಗಿ ಸುರುಟಿದ ಸಣ್ಣ ಹಸಿರು ಕಾಯಿಗಳು, ಬೆಂಕಿಕಡ್ಡಿಯಷ್ಟು ತೆಳ್ಳಗೆ. ಎಲೆಯ ತೊಟ್ಟಿನ ಪಕ್ಕ ತೊಟ್ಟಿನಂತೆಯೇ ಕಾಣುತ್ತಿದ್ದವು. ಆದರೂ ಕಣ್ಣಿದ್ದವರಿಗೆ ಕಾಣದಿರುವಂಥದ್ದಲ್ಲ. ಇಷ್ಟು ಚೆಂದದ ಸೊಪ್ಪನ್ನು ಒಣಗಿಸಿ, ಕೊನೆಯಲ್ಲಿ ಹೀಗೆ ಕೆಡಿಸಿದ್ದಾರಲ್ಲ ಎಂದು ಅವನಿಗೆ ನಿಜಕ್ಕೂ ಸಂಕಟವಾಯಿತು. ಆ ಸಂಕಟದಲ್ಲಿ ಒಂದು ತಪ್ಪು ಮಾಡಿದ. ವರದಿಯಲ್ಲಿ 'ತಿರಸ್ಕೃತ' ಎಂದು ಬರೆದು ಸುಮ್ಮನಿರಬೇಕಿತ್ತು. ಕೆಳಗೆ 'ಷರಾ' ಎಂಬ ಖಾಲಿ ಗೆರೆ ಇತ್ತು. ಬೇರೆಯವರು ಅಲ್ಲಿ ಒಂದು ಅಡ್ಡಗೆರೆ ಎಳೆಯುತ್ತಿದ್ದರು. ಇವನು ಮುದ್ದಾದ ಅಕ್ಷರದಲ್ಲಿ ಬರೆದ: "ಸೊಪ್ಪು ಅತ್ಯುತ್ತಮವಾಗಿದೆ. ಆದರೆ ಆರಿಸುವವರ ಕಣ್ಣು ಪರೀಕ್ಷೆ ಮಾಡಿಸುವುದು ಒಳಿತು."

ಮೇಲಧಿಕಾರಿ ಓದದೆ ಸಹಿ ಹಾಕಿದರು. ಅವರು ಯಾವುದನ್ನೂ ಓದಿ ಸಹಿ ಹಾಕಿದ ದಾಖಲೆಯಿಲ್ಲ.

ಬುಧವಾರ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆ ಸೆರಗಿನೊಳಗಿಂದ ಲಕೋಟೆ ತೆಗೆದು ಮಗಳ ಕೈಗೆ ಕೊಟ್ಟರು. ಮಗಳು, ಎಂದರೆ ಮಿಲಿಗ್ರಾಂನ ಹೆಂಡತಿ, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಯಾರ ಪತ್ರವಾದರೂ ಗಟ್ಟಿಯಾಗಿ ಓದಿ ಅಭ್ಯಾಸ. "ಲ್ಯಾಬಿನದು. ಓದು, ಎಲ್ಲರಿಗೂ ಕೇಳಲಿ" ಎಂದರು ಅತ್ತೆ, ಕುರ್ಚಿಯಲ್ಲಿ ಸ್ವಲ್ಪ ಸೆಟೆದು.

"ಸ್ಯಾಂಪಲ್ ನಂಬರು ನಾನೂರ ಹದಿನೇಳು" ಎಂದು ಅವಳು ಶುರು ಮಾಡಿದಳು. ಮಿಲಿಗ್ರಾಂನ ಕೈಯ ತುತ್ತು ಅಲ್ಲೇ ನಿಂತಿತು. ಅವಳು ಓದುತ್ತಾ ಹೋದಳು. 'ತಿರಸ್ಕೃತ' ಎಂಬಲ್ಲಿ ದನಿ ಇಳಿಯಿತು. ಷರಾ ಓದುವಾಗ ನಿಂತು ನಿಂತು ಓದಿದಳು. ಕೊನೆಯ ಪದಕ್ಕೆ ಬಂದಾಗ ಕಾಗದದ ಮೇಲಿಂದ ಗಂಡನನ್ನು ನೋಡಿದಳು. ಈ ಕಾಲದಲ್ಲಿ 'ಒಳಿತು' ಎಂದು ಬರೆಯುವ ಪ್ರಾಣಿ ಊರಿಗೆಲ್ಲ ಒಂದೇ, ಅದು ಎದುರಿಗೇ ಕೂತು ನೀರು ಕುಡಿಯುತ್ತಿತ್ತು.

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಶುರುವಾಯಿತು. "ನನ್ನ ಕಣ್ಣು? ನನ್ನ ಕಣ್ಣು ಪರೀಕ್ಷೆ ಮಾಡಿಸಬೇಕಂತೆ! ಯಾವನೋ ಅವನು? ಮೂವತ್ತೊಂದು ವರ್ಷ ನನ್ನ ಕೈಯಿಂದ ಒಂದು ಗುಂಡಿ ಸಡಿಲ ಹೋಗಿಲ್ಲ. ಆ ಸ್ಯಾಂಪಲ್ ಯಾರ ಕೈಗೂ ಕೊಡದೆ ನಾನೇ ಆರಿಸಿ, ನಾನೇ ಸೀಲ್ ಹಾಕಿದ್ದು ಗೊತ್ತಾ? ಅವನ ಕಣ್ಣಿಗೇ ಪೊರೆ ಬಂದಿರಬೇಕು. ಕುರ್ಚಿ ಬಿಸಿ ಮಾಡೋಕೆ ಸಂಬಳ ತಗೊಳ್ಳೋ ದಂಡಪಿಂಡ! ಮಿಲಿಗ್ರಾಂ, ನಿಮ್ಮಲ್ಲಿ ಅಂಥವನು ಯಾರಿದ್ದಾನೆ ಹೇಳು."

"ಇದ್ದಾನೆ ಅನ್ನಿಸುತ್ತೆ" ಎಂದ ಮಿಲಿಗ್ರಾಂ.

"ಹೇಗಿದ್ದಾನೆ ನೋಡೋಕೆ?"

"ಸಾಧಾರಣವಾಗಿ ಇರಬಹುದು."

ಹೆಂಡತಿ ನಗು ತಡೆಯಲಾರದೆ ಲೋಟ ಎತ್ತಿಕೊಂಡು ಅಡುಗೆಮನೆಗೆ ಓಡಿದಳು. "ನಾಳೆ ಬೆಳಿಗ್ಗೆ ನಾನೇ ಬರ್ತೀನಿ. ನನ್ನ ಎದುರಿಗೇ ಮರುಪರೀಕ್ಷೆ ಆಗ್ಲಿ. ಅವನನ್ನ ನಿಲ್ಲಿಸಿ ಕೇಳ್ತೀನಿ" ಎಂದು ಅತ್ತೆ ಕೈತೊಳೆಯಲು ಎದ್ದರು. ಹೋಗುವಾಗ ರೈನ್‌ಕೋಟಿಗೂ ಎರಡು ಮಾತು ಬಿತ್ತು.

ಪಾತ್ರೆ ತೊಳೆಯುತ್ತಾ ಗಂಡಹೆಂಡತಿ ಪಿಸುಮಾತಿನಲ್ಲಿ ಪಂಚಾಯ್ತಿ ಮಾಡಿದರು. "ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬೇಡ" ಎಂದಳು ಹೆಂಡತಿ. "ಘಟಕದ ಹೆಂಗಸರು ಅಮ್ಮ ಮನೆಗೆ ಬಂದ ಮೇಲೆ ಎಲ್ಲಾ ಸೊಪ್ಪನ್ನೂ ಮತ್ತೆ ಆರಿಸ್ತಾರೆ. ಒಂದೂವರೆ ವರ್ಷದಿಂದ. ಅದಕ್ಕೇ ಇಲ್ಲೀವರೆಗೆ ಒಂದು ದೂರೂ ಬಂದಿಲ್ಲ. ಈ ಸ್ಯಾಂಪಲ್ ಒಂದನ್ನ ಅಮ್ಮ ಅಲ್ಲೇ ಸೀಲ್ ಹಾಕಿಬಿಟ್ರು. ಅವರು ಏನು ಮಾಡ್ತಾರೆ, ಬಾಯಿ ಮುಚ್ಕೊಂಡು ನೋಡ್ತಾ ನಿಂತ್ರು."

"ಹಾಗಾದ್ರೆ ಲಾರಿಗೆ ಹೋಗೋ ಸೊಪ್ಪು ಶುದ್ಧವಾಗಿದೆ?"

"ಕನ್ನಡಿ ಥರ ಇದೆ."

ಈ ಮಾತು ಅವನಿಗೆ ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಸರ್ಟಿಫಿಕೇಟ್ ಸಿಗದಿದ್ದರೆ ಲಾರಿ ಬರುವುದಿಲ್ಲ, ಆರು ಜನರ ಎರಡು ತಿಂಗಳ ದುಡಿಮೆ ಗೋದಾಮಿನಲ್ಲೇ ಕೂರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅತ್ತೆಯ ಮುಖ ನೋಡಿ 'ನಿಮಗೆ ಕಣ್ಣು ಕಾಣಿಸುತ್ತಿಲ್ಲ' ಎನ್ನಬೇಕು. ಆ ಮಾತು ಆಡಿದ ಮೇಲೆ ಅದೇ ಮನೆಯ ಅದೇ ಬಚ್ಚಲಿಗೆ ಸರದಿ ನಿಲ್ಲುವುದಾದರೂ ಹೇಗೆ?

ಗುರುವಾರ ಅವನು ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋದ. ಬೀರುವಿನಲ್ಲಿಟ್ಟಿದ್ದ ಅರ್ಧ ಪೊಟ್ಟಣ ತೆಗೆದು ಬಿಳಿ ತಟ್ಟೆಗೆ ಸುರಿದ. ಎಣಿಸಿದ. ಹದಿನಾಲ್ಕು ಕಾಯಿ. ಚಿಮಟ ಹಿಡಿದು ಹೆಕ್ಕಿದರೆ ಐದು ನಿಮಿಷದ ಕೆಲಸ. ಮರುಪರೀಕ್ಷೆ ಪಾಸಾಗುತ್ತದೆ, ಲಾರಿಯ ಸೊಪ್ಪು ಹೇಗೂ ಶುದ್ಧ, ಯಾರ ಹೊಟ್ಟೆಗೂ ವಿಷ ಹೋಗುವುದಿಲ್ಲ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಚಿಮಟ ಕೈಗೆ ಬಂತು. ಮೊದಲನೆಯ ಕಾಯಿಯನ್ನು ಹಿಡಿದೂ ಆಯಿತು.

ಹಿಡಿದಾಗ ಅವನಿಗೆ ನಾಚಿಕೆಯಾಯಿತು. ನಿಯಮಕ್ಕೆ ಹೆದರಿ ಅಲ್ಲ. ಐದು ಜನ ಹೆಂಗಸರು ಬೆನ್ನ ಹಿಂದೆ ಆರಿಸುತ್ತಿದ್ದಾರೆ, ಹೆಂಡತಿ ಮುಚ್ಚಿಡುತ್ತಿದ್ದಾಳೆ, ಇನ್ನು ತಾನೂ ಚಿಮಟ ಹಿಡಿದು ಕೂತರೆ, ಅತ್ತೆಯನ್ನು ತೊಟ್ಟಿಲ ಮಗು ಮಾಡಿದ ಹಾಗೆ. ಆ ಗಟ್ಟಿ ಹೆಂಗಸನ್ನು ಅವನು ನಿಜವಾಗಿಯೂ ಇಷ್ಟಪಡುತ್ತಿದ್ದ. ಅಷ್ಟು ಹೆದರುತ್ತಿದ್ದುದೂ ಅದಕ್ಕೇ. ಕಾಯಿಯನ್ನು ಇದ್ದಲ್ಲೇ ಇಟ್ಟು, ಚಿಮಟವನ್ನು ಡ್ರಾಯರಿಗೆ ಹಾಕಿ ಕಾದು ಕೂತ.

ಹತ್ತು ಗಂಟೆಗೆ ಅತ್ತೆ ಬಂದರು. ಹಿಂದೆ ಘಟಕದ ಇಬ್ಬರು ಹೆಂಗಸರು, ಒಬ್ಬಳು ದಪ್ಪ, ಒಬ್ಬಳು ಸಣ್ಣ, ಇಬ್ಬರ ಮುಖದಲ್ಲೂ ಕಳ್ಳಬೆಕ್ಕಿನ ಕಳೆ. ಅತ್ತೆ ನೇರ ಮೇಲಧಿಕಾರಿಯ ಮುಂದೆ ನಿಂತು ವರದಿಯನ್ನು ಮೇಜಿಗೆ ಬಡಿದರು. "ಇದನ್ನ ಬರೆದ ಮಹಾನುಭಾವ ಯಾರು?"

ಮೇಲಧಿಕಾರಿ ಕೆಳಗಿನ ಸಹಿ ತಮ್ಮದೇ ಎಂಬುದನ್ನು ಕಂಡು ಗಾಬರಿಯಾದರು. ಬೇಗ ಬೇಗ ಬೆರಳು ಚಾಚಿ ತೋರಿಸಿದರು. "ಇವರು! ಇವರೇ ಬರೆದದ್ದು, ನಾನಲ್ಲ."

ಅತ್ತೆ ಬೆರಳು ತೋರಿದ ಕಡೆ ತಿರುಗಿದರು. ಅಲ್ಲಿ ನಿಂತ ಬಿಳಿ ಕೋಟು ಯಾರದೆಂದು ನಾಲ್ಕು ಹೆಜ್ಜೆ ಮುಂದೆ ಬಂದರೂ ಅವರಿಗೆ ತಿಳಿಯಲಿಲ್ಲ. "ಯಾರಪ್ಪಾ ನೀನು?"

"ನಾನು ಅತ್ತೆ."

ಅತ್ತೆ ಇನ್ನೂ ಒಂದು ಹೆಜ್ಜೆ ಹತ್ತಿರ ಬಂದರು. "ನೀನಾ? ನಿನ್ನೆ ಊಟದಲ್ಲಿ ಎದುರಿಗೇ ಕೂತು 'ಸಾಧಾರಣವಾಗಿ ಇರಬಹುದು' ಅಂದೆಯಲ್ಲೋ!"

"ಎಲ್ಲರೂ ಸ್ವಲ್ಪ ಹೊರಗೆ ಇರ್ತೀರಾ? ಐದು ನಿಮಿಷ" ಎಂದ ಅವನು, ಉಳಿದವರ ಕಡೆ ತಿರುಗಿ. ಮೇಲಧಿಕಾರಿಯೇ ಎಲ್ಲರಿಗಿಂತ ಮೊದಲು ಹೊರಗೆ ಹೋದರು.

ಬಿಳಿ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಎಳೆದು ಅತ್ತೆಯ ಮುಂದಿಟ್ಟ. "ಇದು ನೀವು ಕಳಿಸಿದ್ದರಲ್ಲೇ ಉಳಿದ ಅರ್ಧ. ಹದಿನಾಲ್ಕು ಬೀಜಕಾಯಿ ಇದೆ ಅನ್ನಿಸುತ್ತೆ. ನೋಡಿ."

ಅತ್ತೆ ಬಗ್ಗಿದರು. ಇನ್ನೂ ಬಗ್ಗಿದರು. ಮೂಗು ಸೊಪ್ಪಿಗೆ ತಾಗುವಷ್ಟು ಬಗ್ಗಿದರು. "ಎಲ್ಲಿ? ಎಲ್ಲಾ ಎಲೆ. ಇದು ತೊಟ್ಟು. ಇದೂ ತೊಟ್ಟು." ಅವರ ಬೆರಳು ಇಟ್ಟದ್ದು ಕಾಯಿಯ ಮೇಲೆಯೇ. "ಇಲ್ಲಿ ಬೆಳಕು ಸಾಲದು ಮಿಲಿಗ್ರಾಂ."

"ಬೆಳಕು ಬೇಕಾದಷ್ಟಿದೆ. ನಿಮಗೆ ಕಣ್ಣು ಕಾಣಿಸ್ತಿಲ್ಲ ಅತ್ತೆ."

ಹನ್ನೊಂದು ವರ್ಷದಲ್ಲಿ ಅತ್ತೆಯ ಎದುರು ಅವನು ಆಡಿದ ಮೊದಲ ಪೂರ್ತಿ ಮಾತು ಅದು. 'ಅನ್ನಿಸುತ್ತೆ'ಯೂ ಇಲ್ಲ, 'ಇರಬಹುದು'ವೂ ಇಲ್ಲ.

ಅತ್ತೆ ಬೈಯಲಿಲ್ಲ. ನಿಧಾನವಾಗಿ ಸ್ಟೂಲಿನ ಅಂಚು ತಡವಿ ಕೂತರು. ಒಂದು ಕಾಯಿಯನ್ನು ಎರಡು ಬೆರಳ ನಡುವೆ ಹಿಡಿದು ಹೊರಳಿಸಿದರು. ಕಟಕ್ಕೆಂದು ಮುರಿಯಿತು, ಒಳಗಿನಿಂದ ಕರಿಹಸಿರು ಬೀಜ ಅಂಗೈಗೆ ಉದುರಿತು. ಕಣ್ಣು ಒಪ್ಪದ್ದನ್ನು ಬೆರಳು ಒಪ್ಪಿಕೊಂಡಿತು.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಎರಡು ವರ್ಷ."

"ಇನ್ಯಾರಿಗೆ ಗೊತ್ತು?"

"ಎಲ್ಲರಿಗೂ."

"ಅವಳುಗಳಿಗೆ?" ಎಂದು ಬಾಗಿಲ ಕಡೆ ಗಲ್ಲ ತೋರಿದರು.

'ಯಾರಿಗೂ ಹೇಳಬೇಡ' ಎಂದಿದ್ದ ಹೆಂಡತಿಯ ಮಾತು ಅವನಿಗೆ ನೆನಪಾಯಿತು. ಆದರೆ ಒಂದು ಸತ್ಯ ಹೊರಬಿದ್ದ ಮೇಲೆ ಅದರ ತಮ್ಮನನ್ನು ಒಳಗೆ ಕೂಡಿಹಾಕುವುದು ಕಷ್ಟ. "ನೀವು ಮನೆಗೆ ಹೋದ ಮೇಲೆ ಅವರು ಮತ್ತೆ ಆರಿಸ್ತಾರೆ. ಅದಕ್ಕೇ ದೂರು ಬಂದಿಲ್ಲ."

ಅತ್ತೆ ಅಂಗೈಯ ಬೀಜವನ್ನು ತಟ್ಟೆಗೆ ಸುರಿದರು. ಅವರ ಕಣ್ಣಲ್ಲಿ ನೀರು ತುಂಬಿತು. ಅಳಿಯನ ಮುಂದೆ ಅತ್ತವರಲ್ಲ ಅವರು. "ಮೂವತ್ತೊಂದು ವರ್ಷ ಆ ಹುಡುಗಿಯರಿಗೆ ನಾನು ಕಲಿಸಿದ್ದು ಒಂದೇ ಮಾತು. ತಪ್ಪು ಕಂಡ್ರೆ ಕೂಗಿ ಹೇಳಿ, ಮೇಲಿನವರದ್ದಾದ್ರೂ ಹೇಳಿ. ನನ್ನ ತಪ್ಪು ಕಂಡಾಗ ಒಬ್ಬಳೂ ಕೂಗಲಿಲ್ಲ ನೋಡು. ನನಗೆ ಅಷ್ಟು ಹೆದರ್ತಾರಾ?"

"ಹೆದರ್ತಾರೆ. ಇಷ್ಟಾನೂ ಪಡ್ತಾರೆ. ನಾನೂ ಅಷ್ಟೇ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಆ ವರದಿ ಇನ್ನೊಂದ್ಸಲ ಓದು. ಸೊಪ್ಪು ಹೇಗಿದೆ ಅಂತ ಬರೆದಿದ್ದೀಯ?"

"ಅತ್ಯುತ್ತಮವಾಗಿದೆ."

"ಅದು ನನ್ನದು ಅಂತ ಗೊತ್ತಿಲ್ಲದೆ ಬರೆದದ್ದು?"

"ನಿಮ್ಮದು ಅಂತ ಗೊತ್ತಿದ್ರೆ ಕೈ ನಡುಗಿ ಬರೀತಾನೇ ಇರಲಿಲ್ಲ."

ಅತ್ತೆಗೆ ನಗು ಬಂತು, ಅಳುವಿನ ಮಧ್ಯದಲ್ಲೇ. ಎದ್ದು ಬಾಗಿಲು ತೆಗೆದರು. ಕಿವಿ ಹಚ್ಚಿಕೊಂಡಿದ್ದ ಇಬ್ಬರು ಹೆಂಗಸರು ಒಳಗೆ ಬೀಳುವುದೊಂದು ಬಾಕಿ. "ಕಳ್ಳಿಯರಾ! ಒಂದೂವರೆ ವರ್ಷ ಎರಡು ಸಲ ಕೆಲಸ ಮಾಡಿದ್ರಾ? ಇವತ್ತಿಂದ ಕೊನೇ ಚೆಕಿಂಗ್ ನಿಮ್ಮದು. ನನ್ನ ಎದುರಿಗೇ, ಹಗಲು ಹೊತ್ತಲ್ಲಿ. ಒಣಗಿಸೋದು ನಾನು ನೋಡ್ಕೋತೀನಿ, ಅದಕ್ಕೆ ಕೈ ಸಾಕು. ಹೋಗಿ ಹೊಸ ಸ್ಯಾಂಪಲ್ ಆರಿಸಿ ತನ್ನಿ." ದಪ್ಪಗಿನವಳು ಅಲ್ಲೇ ಗೊಳೋ ಎಂದು ಅತ್ತಳು. ಸಣ್ಣಗಿನವಳು ಅವಳ ಕೈ ಎಳೆದುಕೊಂಡು ಓಡಿದಳು.

ಹೊಸ ಸ್ಯಾಂಪಲ್ಲನ್ನು ಮಿಲಿಗ್ರಾಂ ಮುಟ್ಟಲಿಲ್ಲ, ಪಕ್ಕದ ಮೇಜಿನವಳಿಗೆ ಹೋಯಿತು. ಶನಿವಾರ ಅದು ಪಾಸಾಯಿತು, ಸೋಮವಾರ ಲಾರಿ ತುಂಬಿ ಹೋಯಿತು. ಆದರೆ ಹೇಳಬೇಕಾದ್ದು ಆ ಗುರುವಾರದ್ದೇ, ಹೆಂಗಸರು ಹೋದ ಮೇಲಿನದು.

ಅತ್ತೆ ಇನ್ನೂ ಬಾಗಿಲಲ್ಲೇ ನಿಂತಿದ್ದರು. "ಅರ್ಧ ದಿನ ರಜೆ ಹಾಕ್ತೀಯಾ?" ಎಂದು ಕೇಳಿದರು. ಹನ್ನೊಂದು ವರ್ಷದಲ್ಲಿ ಅವನನ್ನು ಅವರು ಏನನ್ನೂ ಕೇಳಿದ್ದಿಲ್ಲ, ಎಲ್ಲ ಅಪ್ಪಣೆಯೇ. "ಕಣ್ಣಿನ ಡಾಕ್ಟರ ಹತ್ರ ಹೋಗೋಣ."

"ನಡೀರಿ" ಎಂದು ಅವನು ಕೋಟು ಬಿಚ್ಚಿ ಮೊಳೆಗೆ ಹಾಕಿದ.

ಮೆಟ್ಟಿಲ ತುದಿಗೆ ಬಂದು ಅತ್ತೆ ನಿಂತರು. ಒಂದು ಕಾಲು ಮುಂದೆ ಚಾಚಿ, ಗಾಳಿಯಲ್ಲಿ ನೆಲ ಹುಡುಕಿ, ಹಿಂದಕ್ಕೆ ತೆಗೆದರು. "ಹತ್ತೋವಾಗ ಆ ದಪ್ಪಗಿನವಳ ಸೆರಗು ಹಿಡ್ಕೊಂಡು ಬಂದೆ. ಅವಳಿಗೆ ಗೊತ್ತಾಗಲಿಲ್ಲ ಅಂದ್ಕೊಂಡಿದ್ದೆ" ಎಂದು ಮೆಲ್ಲಗೆ ಹೇಳಿದರು. ಆಮೇಲೆ, ಅವನ ಕಡೆ ನೋಡದೆ, ಕೈ ಚಾಚಿದರು.

ಅವನು ಹಿಡಿದುಕೊಂಡ. ಎರಡು ಮಹಡಿ ಇಳಿಯುವವರೆಗೂ ಅತ್ತೆ ಅವನನ್ನು ಬೈಯುತ್ತಲೇ ಇದ್ದರು. ಎರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದಕ್ಕೆ, 'ಒಳಿತು' ಎಂದು ಬರೆದದ್ದಕ್ಕೆ, ಮೆಟ್ಟಿಲು ಕಟ್ಟಿದವನಿಗೂ ಸೇರಿಸಿ. ಕೈ ಮಾತ್ರ ಬಿಡಲಿಲ್ಲ.